ತಾರಸಿ ಕಡೆಯಿಂದ ನೋಡಿದರೆ

ಉಪಗ್ರಹ ಚಿತ್ರಗಳಿರುವ ನಕ್ಷೆಯನ್ನು ಮೊದಲ ಸಲ ತೆರೆದವರು ಏನು ಹುಡುಕುತ್ತಾರೆ ಎಂದು ಗಮನಿಸಿದ್ದೀರಾ? ಹಿಮಾಲಯ, ಸಹಾರಾ, ಅಮೆಜಾನ್ ಎಲ್ಲ ಬೆರಳ ತುದಿಯಲ್ಲೇ ಇರುತ್ತವೆ. ಅಷ್ಟನ್ನೂ ಸರಸರನೆ ಸರಿಸಿ, ಬೆಳಿಗ್ಗೆ ತಾನೇ ಬೀಗ ಹಾಕಿ ಬಂದ ಮನೆಯ ನೆತ್ತಿಯ ಮೇಲೆ ಬಂದು ನಿಲ್ಲುತ್ತಾರೆ. ಸಿಕ್ಕಿದ ಕೂಡಲೇ ಪಕ್ಕದಲ್ಲಿದ್ದವರನ್ನು ಕರೆದು "ನೋಡಿಲ್ಲಿ, ನಮ್ಮ ಮನೆ!" ಎನ್ನುತ್ತಾರೆ. ಪಕ್ಕದಲ್ಲಿದ್ದವರೂ ಎಷ್ಟೋ ಸಲ ಅದೇ ಮನೆಯವರು.

ಗುರುತು ಹಿಡಿಯುವುದೇನೂ ಸುಲಭವಲ್ಲ. ಮನೆ ಕಟ್ಟಿಸುವಾಗ ತಲೆಕೆಡಿಸಿಕೊಂಡು ಆರಿಸಿದ ಬಣ್ಣ, ಗೇಟು, ಕಿಟಕಿ ಇಲ್ಲಿ ಲೆಕ್ಕಕ್ಕಿಲ್ಲ. ಕಾಣುವುದು ತಾರಸಿ ಒಂದೇ. ಯಾರು ನೋಡುತ್ತಾರೆ ಬಿಡು ಎಂಬ ಧೈರ್ಯದಲ್ಲಿ ಮೇಲಕ್ಕೆ ಸಾಗಿಸಿದ ಮುರುಕು ಕುರ್ಚಿ, ತುಕ್ಕು ಹಿಡಿದ ಮಂಚದ ಚೌಕಟ್ಟು, ಉಳಿದುಹೋದ ಟೈಲ್ಸು, ಇವೇ ಈಗ ಮನೆಯ ಮುಖ. ತೀರಾ ನಾಚಿಕೊಳ್ಳಬೇಕಿಲ್ಲ ಅನ್ನಿ. 2014ರಲ್ಲಿ ಹಾರಿದ ವರ್ಲ್ಡ್‌ವ್ಯೂ-3 ಉಪಗ್ರಹ ಸುತ್ತುವುದು 617 ಕಿಲೋಮೀಟರ್ ಎತ್ತರದಲ್ಲಿ. ಅದರ ಚಿತ್ರದ ಒಂದು ಚುಕ್ಕಿಯೊಳಗೆ ನೆಲದ ಮೇಲಿನ ಸುಮಾರು 31 ಸೆಂಟಿಮೀಟರ್ ಅಡಗಿರುತ್ತದೆ. ಕುರ್ಚಿ ಎಂದರೆ ಎರಡು ಮೂರು ಚುಕ್ಕಿ. ಅದು ಕುರ್ಚಿ ಎಂದು ತಿಳಿಯುವುದು ಹೊತ್ತು ಹಾಕಿದವರಿಗೆ ಮಾತ್ರ. ದೊಡ್ಡ ನಗರಗಳಲ್ಲಿ ಇದಕ್ಕಿಂತ ಚೊಕ್ಕವಾಗಿ ಕಂಡರೆ ಅದು ಬಹುಮಟ್ಟಿಗೆ ವಿಮಾನದಿಂದ ತೆಗೆದ ಚಿತ್ರ. ನಾವು ಒತ್ತುವ ಗುಂಡಿಯ ಮೇಲೆ 'ಉಪಗ್ರಹ' ಎಂದಿರುತ್ತದೆ, ಅಷ್ಟೇ.

ಮೇಲಿನಿಂದ ನೋಡುವ ಈ ಚಪಲ ಹಳೆಯದು. ಫ್ರಾನ್ಸಿನ ಛಾಯಾಗ್ರಾಹಕ ನಾಡಾರ್ 1858ರಲ್ಲೇ ಬಲೂನು ಏರಿ ನೆಲದ ಚಿತ್ರ ತೆಗೆದಿದ್ದ. ಅದು ಈಗ ಉಳಿದಿಲ್ಲ. ನನಗೆ ಹೆಚ್ಚು ಇಷ್ಟ ಜರ್ಮನಿಯ ಔಷಧ ವ್ಯಾಪಾರಿ ಯೂಲಿಯುಸ್ ನೊಯ್‌ಬ್ರೊನರ್. 1908ರ ಹೊತ್ತಿಗೆ ಆತ ಪಾರಿವಾಳಗಳ ಎದೆಗೆ ಪುಟ್ಟ ಕ್ಯಾಮೆರಾ ಕಟ್ಟಿ, ದೂರ ಒಯ್ದು ಬಿಡುತ್ತಿದ್ದ. ಹಕ್ಕಿ ಹಾರುತ್ತಿದ್ದ ಹಾಗೆ ಕ್ಯಾಮೆರಾ ತನ್ನಷ್ಟಕ್ಕೆ ಕ್ಲಿಕ್ಕಿಸುತ್ತಿತ್ತು. ಒಂದು ಚಿತ್ರದಲ್ಲಂತೂ ಕೆಳಗಿನ ಕಟ್ಟಡದ ಎರಡೂ ಬದಿಗೆ ರೆಕ್ಕೆಯ ತುದಿಗಳು ಬಂದು ಕೂತಿವೆ. ಪಾರಿವಾಳ ಹೊರಟದ್ದಾದರೂ ಎಲ್ಲಿಗೆ? ತನ್ನ ಮನೆಗೇ.

ನಕ್ಷೆಯಲ್ಲಿ ಕಾಣುವುದು ಈ ಕ್ಷಣದ ನೇರಪ್ರಸಾರ ಎಂದು ನಂಬಿದವರು ಈಗಲೂ ಇದ್ದಾರೆ. ತಾರಸಿಗೆ ಹೋಗಿ ಕೈ ಬೀಸುತ್ತೇನೆ, ನೋಡು ಎನ್ನುವವರು. ನಿಜದಲ್ಲಿ ಇದು ಬೇರೆ ಬೇರೆ ದಿನಗಳ ತುಂಡು ಸೇರಿಸಿ ಹೊಲಿದ ಕೌದಿ. ಬೀದಿಯ ಈ ತುದಿಯಲ್ಲಿ ಮನೆಗಳು ಎಡಕ್ಕೆ ವಾಲಿದ್ದರೆ ಆ ತುದಿಯಲ್ಲಿ ಬಲಕ್ಕೆ ವಾಲಿರುತ್ತವೆ. ಒಂದೊಂದು ದಿನ ಕ್ಯಾಮೆರಾ ಒಂದೊಂದು ಓರೆಯಿಂದ ನೋಡಿರುತ್ತದೆ. ಇಂಥ ಉಪಗ್ರಹಗಳಲ್ಲಿ ಬಹಳಷ್ಟು ಎಲ್ಲಿ ಹೋದರೂ ಅಲ್ಲಿನ ಬೆಳಿಗ್ಗೆ ಹತ್ತೂವರೆಯ ಆಸುಪಾಸಿಗೇ ಹಾಯುವಂತೆ ಕಕ್ಷೆ ಗೊತ್ತುಮಾಡಿರುತ್ತಾರೆ. ಮೋಡ ಕವಿದ ಚಿತ್ರವನ್ನು ಆದಷ್ಟು ಬದಿಗಿಡುತ್ತಾರೆ. ಹಾಗಾಗಿ ನಕ್ಷೆಯ ಬೀದಿಯಲ್ಲಿ ಮಳೆಯಿಲ್ಲ, ಸಂಜೆಯಿಲ್ಲ. ದೊಡ್ಡವರು ಕೆಲಸಕ್ಕೆ ಹೋಗಿ, ಮಕ್ಕಳು ಶಾಲೆಗೆ ಹೋಗಿ, ಬೀದಿ ಬಿಕೋ ಎನ್ನುವ ಹೊತ್ತೇ ಸದಾಕಾಲ.

ಇನ್ನೊಂದು ಚೇಷ್ಟೆಯಿದೆ. ಪಾಯ ತೋಡಿದ ಗುಂಡಿ ಕೆಲವೊಮ್ಮೆ ದಿಬ್ಬದಂತೆ ಉಬ್ಬಿ ಕಾಣುತ್ತದೆ. ಬೆಳಕು ಮೇಲಿನಿಂದ ಬೀಳುತ್ತದೆ ಎಂದು ನಮ್ಮ ಕಣ್ಣು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಭೂಮಿಯ ಉತ್ತರಾರ್ಧದಲ್ಲಿ ಬಿಸಿಲು ಹೆಚ್ಚಾಗಿ ದಕ್ಷಿಣದಿಂದ, ಎಂದರೆ ಚಿತ್ರದ ಕೆಳಗಿನಿಂದ ಬಂದಿರುತ್ತದೆ. ನಕ್ಷೆಯನ್ನು ತಲೆಕೆಳಗು ಮಾಡಿದರೆ ದಿಬ್ಬ ತೆಪ್ಪಗೆ ಗುಂಡಿಯಾಗುತ್ತದೆ.

ನನ್ನನ್ನು ಹಿಡಿದು ಕೂರಿಸುವುದು ಮಾತ್ರ ಮನೆಗಳ ಹಿತ್ತಿಲು. ನೆಲದ ಮೇಲೆ ಬಡಾವಣೆಯನ್ನು ನಾವು ಕಲಿಯುವುದು ರಸ್ತೆ ಹಿಡಿದು: ಗೇಟು, ತಿರುವು, ಎದುರುಮನೆ. ನಮ್ಮ ಹಿತ್ತಿಲಿಗೆ ಬೆನ್ನು ಹಾಕಿ ನಿಂತ ಮನೆ ಬೇರೆ ರಸ್ತೆಯದು. ಹೋಗಬೇಕಾದರೆ ಹೊರಗೆ ಬಂದು, ಬೀದಿಯ ಕೊನೆ ಮುಟ್ಟಿ, ಎರಡು ಸಲ ತಿರುಗಬೇಕು. ಹೋಗುವ ಪ್ರಮೇಯವೇ ಬಂದಿಲ್ಲ. ಮೇಲಿನಿಂದ ನೋಡಿದರೆ ನನ್ನ ದಿಂಬಿಗೂ ಅವರ ಗೋಡೆಗೂ ನಡುವೆ ಇರುವುದು ಒಂದು ಗೇಣು ನೆರಳು. ಎದುರುಮನೆಯವರ ಮಕ್ಕಳ ಪರೀಕ್ಷೆಯ ಅಂಕ ಗೊತ್ತಿರುವ ನನಗೆ ಇವರ ಹೆಸರು ಗೊತ್ತಿಲ್ಲ. ಗೊತ್ತಿರುವುದು ಅವರ ಕೆಮ್ಮು, ಅವರ ಅಲಾರಂ, ಅದನ್ನು ಆರಿಸಿ ಮತ್ತೆ ಮಲಗುವ ಅವರ ಅಭ್ಯಾಸ. ನಡುವಿನ ಮರ ಯಾರದು ಎಂಬ ಪ್ರಶ್ನೆ ನೆಲದ ಮೇಲೆ ಬಹಳ ಗಂಭೀರವಾದದ್ದು. ಎಲೆ ಉದುರುವ ಕಾಲದಲ್ಲಂತೂ ಇನ್ನೂ ಗಂಭೀರ. ಚಿತ್ರದಲ್ಲಿ ಬುಡವೇ ಕಾಣುವುದಿಲ್ಲ. ನಾಲ್ಕು ಕಾಂಪೌಂಡುಗಳನ್ನು ಮುಚ್ಚಿಕೊಂಡು ಒಂದೇ ಹಸಿರು ಹರಡಿದೆ. ಅದರ ಮೇಲೆ ಕಂಪ್ಯೂಟರು ಎಳೆದ ರಸ್ತೆಯ ಗೆರೆ ಚಿತ್ರದೊಂದಿಗೆ ಸರಿಯಾಗಿ ಕೂಡದೆ ಯಾರದೋ ಬಚ್ಚಲುಮನೆಯ ಮೇಲೆ ಹಾದುಹೋಗುತ್ತದೆ.

ಗೂಗಲ್ ಅರ್ಥ್ 2005ರಲ್ಲಿ ಬಂತು. 2009ರಲ್ಲಿ ಅದಕ್ಕೆ ಹಳೆಯ ಚಿತ್ರಗಳನ್ನು ತೋರಿಸುವ ಜಾರುಪಟ್ಟಿಯೊಂದು ಸೇರಿತು. ಅದನ್ನು ಎಡಕ್ಕೆ ಜರುಗಿಸಿದ ಹಾಗೆಲ್ಲ ಬಡಾವಣೆ ತೆಳುವಾಗುತ್ತದೆ. ಮೊದಲು ಮಹಡಿಗಳು ಇಳಿಯುತ್ತವೆ, ಆಮೇಲೆ ಮನೆಗಳೇ ಮಾಯ. ನಮ್ಮ ಮನೆಯೂ ಹೋಗಿ ಖಾಲಿ ನಿವೇಶನ ಉಳಿಯುತ್ತದೆ. ಅದರ ಮೇಲೆ ಮೂಲೆಯಿಂದ ಮೂಲೆಗೆ ಬಿಳಿಚಿದ ಗೆರೆಯೊಂದು ಓಡಿದೆ. ಯಾವ ಎಂಜಿನಿಯರೂ ಎಳೆದದ್ದಲ್ಲ. ಸುತ್ತು ತಪ್ಪಿಸಲು ಜನ ನಡೆದು ನಡೆದು ಹುಲ್ಲು ಸವೆಸಿದ ಕಾಲುದಾರಿ. ಈಗಿನ ಲೆಕ್ಕದಲ್ಲಿ ಅದು ನಮ್ಮ ಅಡುಗೆಮನೆಯಲ್ಲಿ ಒಳಹೊಕ್ಕು, ಸೋಫಾ ದಾಟಿ, ಮಲಗುವ ಕೋಣೆಯ ಮೂಲೆಯಲ್ಲಿ ಹೊರಬೀಳುತ್ತದೆ. ಆಗ ಅಲ್ಲಿ ನಡೆದಾಡಿದವರಲ್ಲಿ ಕೆಲವರು ಈಗಲೂ ಆಸುಪಾಸಿನಲ್ಲಿರಬೇಕು. ಭಾರದ ಚೀಲ ಹಿಡಿದು ಸುತ್ತು ಬಳಸಿ ಹೋಗುವ ಒಬ್ಬ ಹಿರಿಯರು ನಮ್ಮ ಕಾಂಪೌಂಡನ್ನು ಯಾಕೆ ಹಾಗೆ ದುರುಗುಟ್ಟಿ ನೋಡುತ್ತಾರೆ ಎಂಬುದು ಈಗ ಸ್ವಲ್ಪ ಅರ್ಥವಾಗತೊಡಗಿದೆ.