ಮನೆಮಗನನ್ನು ಬೈಯುವ ಕಷ್ಟ

ಸೋಲುವ ತಂಡದ ಅಭಿಮಾನಿಗೆ ಉಳಿಯುವುದು ಒಂದೇ ಸುಖ, ಕೋಚನ್ನು ಬೈಯುವುದು. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಈ ಸುಖಕ್ಕೆ ರುಚಿ ಹೆಚ್ಚು. ಚಿನ್ನವೇ ಕಳಪೆಯಾದರೆ ಅಕ್ಕಸಾಲಿಗ ಏನು ಮಾಡಿಯಾನು ಎಂದು ನಾವು ಬಡಪಾಯಿಯನ್ನು ಬಿಟ್ಟುಬಿಡುತ್ತೇವೆ. ಅಲ್ಲಿ ಚಿನ್ನ ಆರಿಸಿ ತರುವವನೂ ಅಕ್ಕಸಾಲಿಗನೇ. ಹೈಸ್ಕೂಲು ಹುಡುಗನ ಮನೆಗೆ ಹೋಗಿ ತಾಯಿಯನ್ನು ಒಪ್ಪಿಸಿ ಬರುವವನು ಕೋಚ್. ಅದೇ ಹುಡುಗ ಫ್ರೀ ಥ್ರೋ (ಯಾರೂ ಅಡ್ಡಬಾರದ ಪುಕ್ಕಟೆ ಎಸೆತ) ಹಾಳುಮಾಡಿದಾಗ ಬೆಂಚಿನ ಮುಂದೆ ತಲೆ ಚಚ್ಚಿಕೊಳ್ಳುವವನೂ ಅವನೇ.

ಆದರೆ ಆ ಕೋಚ್ ಮನೆಮಗನಾಗಿದ್ದರೆ ಬೈಗುಳ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಂಟಕಿ ರಾಜ್ಯದ ಲೂಯಿವಿಲ್ ವಿಶ್ವವಿದ್ಯಾಲಯದ ಅಭಿಮಾನಿಗಳಿಗೆ ಎರಡು ವರ್ಷ ಇದೇ ಗತಿಯಾಯಿತು. (ಊರಿನವರ ಬಾಯಲ್ಲಿ ಅದು 'ಲೂವಲ್'. ಅಷ್ಟು ಸ್ಪಷ್ಟವಾಗಿಯೂ ಅಲ್ಲ, ಬಾಯಲ್ಲಿ ಕವಳ ಇಟ್ಟುಕೊಂಡು ಹೇಳಿದ ಹಾಗೆ.) ಕೆಂಟಕಿಯಲ್ಲಿ ವೃತ್ತಿಪರ ಲೀಗ್ ಎನ್‌ಬಿಎಯ ತಂಡವಿಲ್ಲ, ಕಾಲೇಜು ತಂಡಗಳೇ ಎಲ್ಲ. 1980 ಮತ್ತು 1986ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ತಂಡ ಇದು. 2013ರಲ್ಲೂ ಗೆದ್ದಿತ್ತು. ನಿಯಮ ಮುರಿದದ್ದಕ್ಕೆ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ 2018ರಲ್ಲಿ ಆ ಪ್ರಶಸ್ತಿಯನ್ನು ದಾಖಲೆಯಿಂದ ಅಳಿಸಿಹಾಕಿತು. ಅಲ್ಲಿಂದ ಇಳಿಜಾರು.

2022ರ ಮಾರ್ಚಿನಲ್ಲಿ ಕೆನ್ನಿ ಪೇನ್ ಬಂದರು. 1986ರ ತಂಡದಲ್ಲಿ ಆಡಿದವರು. ಎದುರಾಳಿ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷ ಸಹಾಯಕ ಕೋಚ್ ಆಗಿದ್ದು, ಎತ್ತರದ ಆಟಗಾರರನ್ನು ತಿದ್ದುವುದರಲ್ಲೂ ಹುಡುಗರನ್ನು ಒಲಿಸಿ ಕರೆತರುವುದರಲ್ಲೂ ಹೆಸರು ಮಾಡಿದವರು. ಮಗ ಮನೆಗೆ ಮರಳಿದ ಎಂದು ಊರಿಗೆ ಊರೇ ಸಂಭ್ರಮಿಸಿತು.

ಅಕ್ಟೋಬರಿನಲ್ಲಿ, ಇನ್ನೂ ಲೆಕ್ಕಕ್ಕೆ ಬರದ ಅಭ್ಯಾಸ ಪಂದ್ಯದಲ್ಲಿ, ಎರಡನೇ ದರ್ಜೆಯ ಲೆನೋಯರ್–ರೈನ್ ತಂಡ ಇವರನ್ನು 57–47ರಿಂದ ಸೋಲಿಸಿತು. ಅಭ್ಯಾಸ ತಾನೇ, ಹೋಗಲಿ. ಆಮೇಲೆ ಅದೇ ಊರಿನ ಪುಟ್ಟ ಬೆಲ್ಲರ್ಮಿನ್ ಎದುರು 67–66, ರೈಟ್ ಸ್ಟೇಟ್ ಎದುರು 73–72, ಅಪಲಾಚಿಯನ್ ಸ್ಟೇಟ್ ಎದುರು 61–60. ಮೂರು ಸೋಲು, ಒಟ್ಟು ಅಂತರ ಮೂರೇ ಪಾಯಿಂಟು. ಅಭಿಮಾನಿಯನ್ನು ನಿಜವಾಗಿ ಕೊಲ್ಲುವುದು ಇಂಥ ಸೋಲು. 'ಒಂದು ಬುಟ್ಟಿ ಬಿದ್ದಿದ್ದರೆ' ಎಂಬ ಆಸೆ ಉಳಿಸಿ ಹೋಗುತ್ತದೆ. ಆ ಆಸೆಯನ್ನು ಹವಾಯಿಯ ಮಾವಿ ದ್ವೀಪದಲ್ಲಿ ಟೆಕ್ಸಸ್ ಟೆಕ್ 70–38ರಿಂದ ಬಗೆಹರಿಸಿತು. ಮೊದಲ ಒಂಬತ್ತೂ ಪಂದ್ಯ ಸೋತು, ಡಿಸೆಂಬರ್ ನಡುವಿನಲ್ಲಿ ಮೊದಲ ಗೆಲುವು. ಋತು ಮುಗಿದಾಗ ಗೆದ್ದದ್ದು 4, ಸೋತದ್ದು 28.

ಇಂಥ ತಂಡವನ್ನು ವಾರಕ್ಕೆರಡು ಸಲ ನೋಡುವವರು ತಾವೇ ಅರ್ಧ ಕೋಚ್ ಆಗಿಬಿಡುತ್ತಾರೆ. ಅವರ ದೂರುಗಳಲ್ಲಿ ಹುರುಳೂ ಇರುತ್ತದೆ. ಎದುರಾಳಿ ಎರಡು–ಮೂರು ಝೋನ್ (ಆಳನ್ನಲ್ಲ, ಜಾಗವನ್ನು ಕಾಯುವ ರಕ್ಷಣೆ) ಹಾಕಿದ್ದಾನೆ ಎನ್ನಿ: ಮುಂದೆ ಇಬ್ಬರು, ಬುಟ್ಟಿಯ ಹತ್ತಿರ ಮೂವರು. ಇದನ್ನು ಒಡೆಯಲು ಚೆಂಡು ಫ್ರೀ ಥ್ರೋ ಗೆರೆಯ ನಡುವಿಗೆ ಹೋಗಬೇಕು. ಅಲ್ಲಿ ಚೆಂಡು ಹಿಡಿದವನ ಮೇಲೆ ಹಿಂದಿನ ಸಾಲಿನ ನಡುವಿನವನು ಏರಿ ಬಂದರೆ ಬುಟ್ಟಿ ಬಯಲು. ಬಾರದಿದ್ದರೆ ಹತ್ತಿರದ ಸುಲಭ ಎಸೆತ. ಸೋಲುವ ತಂಡ ಹೀಗೆ ಮಾಡುವುದಿಲ್ಲ. ಚೆಂಡನ್ನು ಹೊರಸುತ್ತಿನಲ್ಲೇ ಪ್ರದಕ್ಷಿಣೆ ಹಾಕಿಸುತ್ತದೆ. ಎಸೆಯಲು ಸಿಗುವ ಮೂವತ್ತು ಸೆಕೆಂಡಿನ ಗಡಿಯಾರದಲ್ಲಿ ಐದು ಉಳಿದಾಗ ಯಾರೋ ಒಬ್ಬ ಗಾಬರಿಬಿದ್ದು ದೂರದಿಂದ ಎಸೆಯುತ್ತಾನೆ.

ಇನ್ನೊಂದು ಹಳೆಯ ಜಗಳ ಎರಡು ಫೌಲಿನದು. ಆಟಗಾರ ಹೊರಬೀಳುವುದು ಐದನೇ ಫೌಲಿಗೆ. ಆದರೆ ಮೊದಲಾರ್ಧದಲ್ಲಿ ಎರಡಾದ ಕೂಡಲೇ ಅನೇಕ ಕೋಚುಗಳು ಒಳ್ಳೆಯ ಆಟಗಾರನನ್ನು ವಿರಾಮದ ತನಕ ಬೆಂಚಿಗೆ ಕೂರಿಸುತ್ತಾರೆ. ಇಪ್ಪತ್ತು ನಿಮಿಷದ ಅರ್ಧದಲ್ಲಿ ಹತ್ತು ನಿಮಿಷ ಅಲ್ಲೇ ಹೋಯಿತು. ಆಟ ಮುಗಿದಾಗ ಅವನ ಲೆಕ್ಕದಲ್ಲಿ ಮೂರೇ ಫೌಲು! ಬರಗಾಲ ಬಂದೀತೆಂದು ಅಕ್ಕಿ ಕೂಡಿಟ್ಟು, ಇವತ್ತೇ ಹಸಿದು ಮಲಗಿದ ಹಾಗೆ. ಈ ಒಂದು ವಿಷಯದಲ್ಲಿ ಗ್ಯಾಲರಿಯೇ ಸರಿ, ಬೆಂಚು ತಪ್ಪು ಎಂದು ನನ್ನ ಪಕ್ಷಪಾತ.

ಆದರೂ ಮೂಲ ರೋಗ ಬೇರೆ ಇತ್ತು. ಆ ತಂಡದಲ್ಲಿ ಆಟ ನಡೆಸಿ ಚೆಂಡು ಹಂಚುವ ನಿಜವಾದ ಪಾಯಿಂಟ್ ಗಾರ್ಡ್ ಇರಲಿಲ್ಲ. ಎತ್ತರದವರನ್ನು ಎಷ್ಟು ತಿದ್ದಿದರೇನು, ಅವರ ಕೈಗೆ ಹೊತ್ತಿಗೆ ಸರಿಯಾಗಿ ಚೆಂಡು ತಲುಪಿಸುವವನಿಲ್ಲದಿದ್ದರೆ? ಅಡುಗೆ ಸಿದ್ಧ, ಎಲೆ ಹಾಕಿದೆ, ಬಡಿಸುವವರಿಲ್ಲ. ಕಾಲೇಜು ಬದಲಿಸಬಯಸುವ ಆಟಗಾರರ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್ 2018ರಿಂದಲೇ ಇದೆ, 2021ರಿಂದ ಮೊದಲ ಸಲ ಕಾಲೇಜು ಬದಲಿಸಿದವನು ಒಂದು ವರ್ಷ ಸುಮ್ಮನೆ ಕೂರಬೇಕಾಗಿಯೂ ಇಲ್ಲ. ಸಂತೆಯಲ್ಲಿ ಸರಕು ತುಂಬಿರುವಾಗ ಇವರು ಬರಿಗೈಯಲ್ಲಿ ಬಂದರಲ್ಲ ಎಂಬುದೇ ಅಭಿಮಾನಿಗಳ ಹೊಟ್ಟೆಯುರಿ. ನ್ಯಾಯವಾಗಿ ಹೇಳಬೇಕೆಂದರೆ, ಹುಡುಗರನ್ನು ಸೆಳೆಯಲು ದುಡ್ಡು ಕೊಟ್ಟ ಆರೋಪದ ಇನ್ನೊಂದು ಹಳೆಯ ಹಗರಣದ ತೀರ್ಪು ಹೊರಬಿದ್ದದ್ದೇ ಆ ನವೆಂಬರಿನಲ್ಲಿ. ಅಲ್ಲಿಯವರೆಗೆ, ಏನು ಶಿಕ್ಷೆ ಬೀಳುತ್ತದೋ ಎನ್ನುವ ಮನೆಗೆ ಯಾರು ಹೆಣ್ಣು ಕೊಟ್ಟಾರು?

ಒಂದು ಸಂಬಂಧವನ್ನಂತೂ ಕುದುರಿಸಲು ಬಹಳ ಹೆಣಗಿದರು. ಡಿ.ಜೆ. ವ್ಯಾಗ್ನರ್ ಎಂಬ ಹುಡುಗ ಆಗ ದೇಶದ ಹೈಸ್ಕೂಲು ಆಟಗಾರರಲ್ಲೇ ಮುಂಚೂಣಿಯವನು. ಅವನ ಅಜ್ಜ ಮಿಲ್ಟ್ ವ್ಯಾಗ್ನರ್ 1986ರಲ್ಲಿ ಪೇನ್ ಜೊತೆಗೇ ಚಾಂಪಿಯನ್ ಆದವರು. ಅಜ್ಜನನ್ನು ಸಿಬ್ಬಂದಿಯಾಗಿ ಸೇರಿಸಿಕೊಂಡರು. ಅಜ್ಜ ಇರುವಲ್ಲಿಗೆ ಮೊಮ್ಮಗ ಬಾರದಿರುತ್ತಾನೆಯೇ! ಮೊಮ್ಮಗ ಲೆಕ್ಸಿಂಗ್ಟನ್ನಿಗೆ, ಬದ್ಧವೈರಿ ಕೆಂಟಕಿಗೆ ಹೋದ.

ಇದಕ್ಕೆ ಮೇಲೆ ದುಡ್ಡಿನ ಮಾತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ಸಂಪಾದಿಸಬಹುದು. ಐಪಿಎಲ್ ಹರಾಜಿನಲ್ಲಾದರೆ ಬೆಲೆ ಎಲ್ಲರ ಕಣ್ಣೆದುರೇ ಏರುತ್ತದೆ. ಇಲ್ಲಿ ಎಲ್ಲವೂ ಗುಸುಗುಸು. ಟಿಕೆಟ್ಟು, ಪಾರ್ಕಿಂಗಿಗೆ ತೆತ್ತ ಅಭಿಮಾನಿಯ ಮುಂದೆ ಆಟಗಾರರ ನಿಧಿಯ ಹುಂಡಿಯೂ ಬರುತ್ತದೆ. ಹಾಕದಿದ್ದರೆ ಒಳ್ಳೆಯ ಹುಡುಗರು ಬರುವುದಿಲ್ಲ. ಹಾಕಿದರೆ ಬಂದವರು 28 ಪಂದ್ಯ ಸೋಲುತ್ತಾರೆ.

ಎರಡನೇ ವರ್ಷ 8–24. ಇಪ್ಪತ್ತೆರಡು ಸಾವಿರ ಜನ ಕೂರುವ ಅಂಗಳದಲ್ಲಿ ಖಾಲಿ ಕುರ್ಚಿಗಳೇ ಬೈಗುಳವಾದವು. 2024ರ ಮಾರ್ಚಿನಲ್ಲಿ ಸುಮಾರು 80 ಲಕ್ಷ ಡಾಲರ್ ಕೊಟ್ಟು ಮನೆಮಗನನ್ನು ಬೀಳ್ಕೊಟ್ಟರು. ಈ ನೋವು ಒಬ್ಬರದಲ್ಲ. ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಆಟಗಾರನಾಗಿ 1984ರ ಪ್ರಶಸ್ತಿ ತಂದ ಪ್ಯಾಟ್ರಿಕ್ ಯೂಯಿಂಗ್ ಕೋಚ್ ಆಗಿ 2021–22ರಲ್ಲಿ ತಮ್ಮ ಗುಂಪು ಬಿಗ್ ಈಸ್ಟ್‌ನ 19 ಪಂದ್ಯಗಳಲ್ಲಿ 19 ಸೋತರು. ಮಿಷಿಗನ್‌ನ ಹಳೆಯ ಆಟಗಾರ, ಕಣ್ಮಣಿ ಜುವಾನ್ ಹೊವಾರ್ಡ್ ಕೂಡ 2023–24ರಲ್ಲಿ ಅದೇ 8–24ಕ್ಕೆ ಕೆಲಸ ಕಳೆದುಕೊಂಡರು. ಆಡುವುದು ಒಂದು ವಿದ್ಯೆ, ಆಡಿಸುವುದು ಇನ್ನೊಂದು. ಇದು ಗೊತ್ತಿದ್ದೂ ಹಳೆಯ ಫೋಟೋ ನೋಡಿ ಎಲ್ಲರೂ ಕರಗುತ್ತಾರೆ.

ಲೂಯಿವಿಲ್‌ಗೆ ಚಾರ್ಲ್ಸ್‌ಟನ್‌ನಿಂದ ಪ್ಯಾಟ್ ಕೆಲ್ಸಿ ಬಂದರು. ಊರಿನ ನಂಟಿಲ್ಲ, ಹಳೆಯ ಫೋಟೋಗಳಲ್ಲೂ ಇಲ್ಲ. ಪೋರ್ಟಲ್‌ನಿಂದ ಹೆಚ್ಚುಕಡಿಮೆ ಇಡೀ ತಂಡವನ್ನೇ ಹೊಸದಾಗಿ ಕಟ್ಟಿದರು, ವಿಸ್ಕಾನ್ಸಿನ್‌ನಿಂದ ಒಬ್ಬ ಪಾಯಿಂಟ್ ಗಾರ್ಡನ್ನೂ ತಂದರು. ಮೊದಲ ವರ್ಷವೇ 27–8. ಇನ್ನಾದರೂ ಅಭಿಮಾನಿ ಸುಮ್ಮನಾದನೇ? 2025ರ ಮಾರ್ಚಿನಲ್ಲಿ ರಾಷ್ಟ್ರೀಯ ಪಂದ್ಯಾವಳಿಯ 68 ತಂಡಗಳ ಪಟ್ಟಿ ಬಂದಾಗ ಇವರಿಗೆ ಸಿಕ್ಕದ್ದು ಎಂಟನೇ ಸೀಡ್, ಅಭಿಮಾನಿಯ ಲೆಕ್ಕಕ್ಕಿಂತ ತೀರ ಕೆಳಗಿನ ಶ್ರೇಯಾಂಕ. ಆಡಬೇಕಾದದ್ದು ಲೆಕ್ಸಿಂಗ್ಟನ್ನಿನಲ್ಲಿ, ವೈರಿಯ ಅಂಗಳದಲ್ಲಿ. ಕ್ರೈಟನ್ ಎದುರು 89–75ರಿಂದ ಸೋತದ್ದು ಆಮೇಲಿನ ಮಾತು. ಅದಕ್ಕೂ ನಾಲ್ಕು ದಿನ ಮೊದಲೇ, ಪಟ್ಟಿ ಹೊರಬಿದ್ದ ಸಂಜೆ, ಅಭಿಮಾನಿಗಳು ಆಯ್ಕೆ ಸಮಿತಿಯನ್ನು ಬೈಯಲು ಕೂತಿದ್ದರು. ಸಮಿತಿಯಲ್ಲಿ ಮನೆಮಗ ಯಾರೂ ಇರಲಿಲ್ಲ. ಬಾಯ್ತುಂಬ ಬೈದರು.