ಸಾಕ್ಷ್ಯ ಸೃಷ್ಟಿಸಿದವರನ್ನು ಯಾರು ಕೇಳುತ್ತಾರೆ?

ನಿರಪರಾಧಿಯೊಬ್ಬ ಹಲವು ವರ್ಷ ಸೆರೆವಾಸ ಅನುಭವಿಸಿ ಖುಲಾಸೆಯಾದಾಗ ‘ಕೊನೆಗೂ ನ್ಯಾಯ ಸಿಕ್ಕಿತು’ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಈ ಮಾತನ್ನು ನಾನು ಒಪ್ಪಲಾರೆ. ಅವನ ವಿರುದ್ಧ ಸಾಕ್ಷ್ಯ ಸೃಷ್ಟಿಸಿದವರು ಯಾರು, ಅವರಿಗೇನಾಯಿತು ಎಂಬುದು ತೀರ್ಮಾನವಾಗುವವರೆಗೆ ಆ ಪ್ರಕರಣ ಮುಗಿದಂತಲ್ಲ.

1974ರ ನವೆಂಬರಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಎರಡು ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಮಂದಿ ಸತ್ತರು. ಜನ ರೊಚ್ಚಿಗೆದ್ದಿದ್ದರು, ಯಾರನ್ನಾದರೂ ಬೇಗ ಹಿಡಿದು ತೋರಿಸಬೇಕಾದ ಒತ್ತಡ ಪೊಲೀಸರ ಮೇಲಿತ್ತು. ಐರಿಶ್ ಮೂಲದ ಆರು ಮಂದಿ ಸಿಕ್ಕಿಬಿದ್ದರು. ನಾಲ್ವರು ತಪ್ಪೊಪ್ಪಿಗೆಗೆ ಸಹಿ ಹಾಕಿದರು. ಹೊಡೆದು ಬಡಿದು ಹಾಕಿಸಿಕೊಂಡ ಸಹಿ ಅದೆಂದು ಅವರು ನ್ಯಾಯಾಲಯದಲ್ಲಿ ಹೇಳಿದ್ದನ್ನು ಯಾರೂ ನಂಬಲಿಲ್ಲ. ಇಬ್ಬರ ಕೈಗೆ ಸ್ಫೋಟಕ ತಾಗಿದ್ದು ಶೇ 99ರಷ್ಟು ಖಚಿತವೆಂದು ವಿಧಿವಿಜ್ಞಾನ ತಜ್ಞರೊಬ್ಬರು ನುಡಿದರು. ಇಸ್ಪೀಟು ಎಲೆಯ ಹೊಳಪಿನ ಲೇಪವೂ ಅಂಥದೇ ಫಲಿತಾಂಶ ಕೊಡಬಲ್ಲದೆಂಬುದು ಬಹಳ ತಡವಾಗಿ ಹೊರಬಂತು. ಜೀವಾವಧಿ ಶಿಕ್ಷೆಯಾದ ಆ ಆರೂ ಮಂದಿ ಬಿಡುಗಡೆಯಾದದ್ದು 1991ರಲ್ಲಿ. ಮೂವರು ಮಾಜಿ ಪೊಲೀಸ್ ಅಧಿಕಾರಿಗಳ ಮೇಲೆ ಮೊಕದ್ದಮೆ ಹೂಡಲಾಯಿತಾದರೂ, ಪ್ರಚಾರ ಅತಿಯಾಗಿರುವುದರಿಂದ ನಿಷ್ಪಕ್ಷಪಾತ ವಿಚಾರಣೆ ಸಾಧ್ಯವಿಲ್ಲವೆಂದು 1993ರಲ್ಲಿ ನ್ಯಾಯಾಧೀಶರು ಅದನ್ನು ಕೈಬಿಟ್ಟರು. ಆ ಆರು ಮಂದಿಯ ವಿಷಯದಲ್ಲಾದರೋ, ವಿಚಾರಣೆಯನ್ನು ಬೇರೆ ಊರಿಗೆ ವರ್ಗಾಯಿಸಿದ್ದು ಬಿಟ್ಟರೆ, ಪ್ರಚಾರ ಯಾವುದಕ್ಕೂ ಅಡ್ಡಿಯಾಗಿರಲಿಲ್ಲ. ಆ 21 ಸಾವುಗಳಿಗಾಗಿ ಮತ್ತಾರಿಗೂ ಶಿಕ್ಷೆಯಾಗಿಲ್ಲ. ನಿರಪರಾಧಿಯನ್ನು ಸಿಲುಕಿಸುವವರು ನಿಜವಾದ ಅಪರಾಧಿಯನ್ನೂ ಕಾಪಾಡುತ್ತಾರೆಂಬುದನ್ನು, ಸತ್ತವರ ಕುಟುಂಬಗಳಿಗೂ ಅವರು ದ್ರೋಹ ಬಗೆದಿರುತ್ತಾರೆಂಬುದನ್ನು ನಾವು ಸಾಕಷ್ಟು ಗಟ್ಟಿಯಾಗಿ ಹೇಳುತ್ತಿಲ್ಲ.

ಇಂಥದು ಒಬ್ಬ ದುಷ್ಟನಿಂದ ಆಗುವ ಕೆಲಸವಲ್ಲ. ಫ್ರಾನ್ಸಿನಲ್ಲಿ ಸೇನಾಧಿಕಾರಿ ಡ್ರೇಫಸ್‌ಗೆ 1894ರಲ್ಲಿ ದೇಶದ್ರೋಹದ ಶಿಕ್ಷೆಯಾಯಿತು. ನಿಜವಾದ ಅಪರಾಧಿ ಬೇರೊಬ್ಬನೆಂದು 1896ರಲ್ಲಿ ಪತ್ತೆಹಚ್ಚಿದ ಅಧಿಕಾರಿ ಪಿಕಾರ್‌ರನ್ನು ಸೇನೆ ದೂರದ ಟ್ಯುನೀಷಿಯಾಕ್ಕೆ ಕಳಿಸಿತು. ಇನ್ನೊಬ್ಬ ಅಧಿಕಾರಿ ಹಳೆಯ ತೀರ್ಪನ್ನು ಉಳಿಸಲು ನಕಲಿ ದಾಖಲೆ ತಯಾರಿಸಿದ. ಸಂಸ್ಥೆಯ ಮಾನ ಉಳಿಸುವ ಹಟದಲ್ಲಿ ಒಬ್ಬನ ಬದುಕು ಲೆಕ್ಕಕ್ಕೇ ಬರಲಿಲ್ಲ.

ನಮ್ಮ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರ ಬಂಧನ ಗೂಢಚಾರಿಕೆಯ ಆರೋಪದ ಮೇಲೆ ಆದದ್ದು 1994ರಲ್ಲಿ. ಆರೋಪದಲ್ಲಿ ಹುರುಳಿಲ್ಲವೆಂದು ಸಿಬಿಐ 1996ರಲ್ಲೇ ವರದಿ ಕೊಟ್ಟರೂ, ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಘೋಷಿಸಿದ್ದು 2018ರಲ್ಲಿ, ಅವರನ್ನು ಸಿಲುಕಿಸಿದ ಪಿತೂರಿಯ ತನಿಖೆಗೆ ಆದೇಶಿಸಿದ್ದು 2021ರಲ್ಲಿ.

ಪರಿಹಾರದ ಹಣ ಸರ್ಕಾರದ ಬೊಕ್ಕಸದಿಂದ, ಅಂದರೆ ನಮ್ಮ ತೆರಿಗೆಯಿಂದ ಬರುತ್ತದೆ. ಅಷ್ಟರಲ್ಲಿ ಸುಳ್ಳು ಮಹಜರು ಬರೆದವನು ಬಡ್ತಿ ಪಡೆದು ನಿವೃತ್ತನಾಗಿರಬಹುದು. ಸುಳ್ಳು ಸಾಕ್ಷ್ಯ ಸೃಷ್ಟಿಸುವುದನ್ನು ಘೋರ ಅಪರಾಧವೆನ್ನುವ ಕಾನೂನು ಇದ್ದೇ ಇದೆ, ಆದರೆ ನ್ಯಾಯಾಲಯದ ಮುಂದೆ ಬಂದ ಸುಳ್ಳು ಸಾಕ್ಷ್ಯಕ್ಕಾಗಿ ತನಿಖಾಧಿಕಾರಿಯ ಮೇಲೆ ಅದನ್ನು ಪ್ರಯೋಗಿಸಲು ಸಾಮಾನ್ಯವಾಗಿ ನ್ಯಾಯಾಲಯವೇ ಲಿಖಿತ ದೂರು ಕೊಡಬೇಕು, ಅದು ತಾನಾಗಿ ಜಾರಿಯಾಗುವುದಿಲ್ಲ. ಆದ್ದರಿಂದ, ಸಾಕ್ಷ್ಯ ಕೃತಕವೆಂದು ಕಂಡು ಶಿಕ್ಷೆಯನ್ನು ರದ್ದುಪಡಿಸುವ ನ್ಯಾಯಾಲಯವು ಅದೇ ಆದೇಶದಲ್ಲಿ, ಆ ಇಲಾಖೆಗೆ ಸಂಬಂಧವಿಲ್ಲದವರಿಂದ ಕಾಲಮಿತಿಯೊಳಗೆ ತನಿಖೆಯಾಗಬೇಕೆಂದು ವಿಧಿಸುವುದನ್ನು ಕಡ್ಡಾಯಗೊಳಿಸಬೇಕು.