ನೆಮ್ಮದಿಗೂ ಮುನ್ಸಿಪಾಲಿಟಿಗೂ ಇರುವ ನಂಟು

ನಾನಿರುವುದು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ. ಇಲ್ಲಿಯ ಜನರಷ್ಟು ಗೊಣಗುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಟ್ರಾಮ್ ಐದು ನಿಮಿಷ ತಡವಾದರೆ ಗೊಣಗಾಟ. ಬಿಸಿಲು ಬಂದರೆ ಗೊಣಗಾಟ, ಮೋಡ ಮುಚ್ಚಿದರೂ ಗೊಣಗಾಟ. ಅಂಗಡಿಯಾಕೆ ಚಿಲ್ಲರೆ ಕೊಡುವಾಗ, ಸಾಲ ವಸೂಲಿಗೆ ಬಂದವನನ್ನು ನೋಡುವ ಹಾಗೆ ನೋಡುತ್ತಾಳೆ. ಆದರೂ ವಾಸಕ್ಕೆ ಒಳ್ಳೆಯ ಊರುಗಳ ಪಟ್ಟಿ ಬಂದಾಗಲೆಲ್ಲ ಈ ಊರು ಮೇಲೇ ಇರುತ್ತದೆ. ಎಕನಾಮಿಸ್ಟ್ ಪತ್ರಿಕೆಯ ಬಳಗದವರ ಪಟ್ಟಿಯಲ್ಲಿ 2022ರಿಂದ 2024ರವರೆಗೆ ಮೂರು ವರ್ಷವೂ ಇದಕ್ಕೇ ಮೊದಲ ಸ್ಥಾನ. 2025ರಲ್ಲಿ ಕೋಪನ್‌ಹೇಗನ್ ಮುಂದೆ ಹೋಯಿತು. ಅದಕ್ಕೂ ಇಲ್ಲಿಯವರು ಗೊಣಗಿದ್ದಾರು.

ಬೆಂಗಳೂರಿನಲ್ಲಿರುವ ಅಕ್ಕನಿಗೆ ಹೇಳಿದರೆ, "ಸುಖ ಜಾಸ್ತಿಯಾದರೆ ಹಾಗೇ ಕಣೋ" ಅಂತಾಳೆ. ಇರಬಹುದು. ನನಗೆ ಕಾಣುವುದು ಇಷ್ಟು: ಇಲ್ಲಿಯವರ ಮುಖದಲ್ಲಿ ನಗು ಕಡಿಮೆ, ಧಾವಂತವೂ ಕಡಿಮೆ. ನಮ್ಮಲ್ಲಿ ಎರಡೂ ಜಾಸ್ತಿ.

ನಮ್ಮಲ್ಲಿ ಯಾರಾದರೂ ಟೆನ್ಷನ್ ಅಂದರೆ ಸಾಕು, ದೋಷ ಅವರ ಮನಸ್ಸಿನದೇ ಅಂತ ತೀರ್ಮಾನವಾಗಿಬಿಡುತ್ತದೆ. ಪ್ರಾಣಾಯಾಮ ಮಾಡು, ಬೇಗ ಏಳು, ಮೊಬೈಲ್ ಪಕ್ಕಕ್ಕಿಡು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ದಿನಾ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಕೊಳ್ಳುವವನಿಗೆ ಎಷ್ಟು ಪ್ರಾಣಾಯಾಮ ಹೇಳಿಕೊಡುತ್ತೀರಿ? ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ ಲೆಕ್ಕದಂತೆ 2024ರಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 34 ನಿಮಿಷ ಬೇಕಾಗುತ್ತಿತ್ತು. ಅದು ಸರಾಸರಿ. ಮಳೆ ಹೊಯ್ದ ಶುಕ್ರವಾರ ಸಂಜೆಯ ಕಥೆ ಬೇರೆ. ಅಂಥ ದಿನ ಮನೆಗೆ ಬಂದು ಮಕ್ಕಳ ಮೇಲೆ ರೇಗಿದರೆ, ಆ ಕಾಯಿಲೆ ರಸ್ತೆಯದು ಅಂತಲೇ ನಾನು ಹೇಳುತ್ತೇನೆ. ಮನಸ್ಸಿನ ಚಿಕಿತ್ಸೆಗೆ ಹೊಸ ದಾರಿ ಹುಡುಕಿದ ಫ್ರಾಯ್ಡ್ 1891ರಿಂದ 1938ರವರೆಗೆ ಇದೇ ವಿಯೆನ್ನಾದ ಬೆರ್ಗ್‌ಗಾಸೆ ಬೀದಿಯ 19ನೇ ನಂಬರಿನ ಕಟ್ಟಡದಲ್ಲಿದ್ದ. ಅವನ ಕಾಲದಲ್ಲೇ ಇಲ್ಲಿಯ ನಗರಸಭೆ ಇನ್ನೊಂದು ಬಗೆಯ ಚಿಕಿತ್ಸೆ ಶುರುಮಾಡಿತ್ತು. ಮನೆ ಕಟ್ಟಿಕೊಡುವುದು.

ಮೊದಲ ಮಹಾಯುದ್ಧ ಮುಗಿದಾಗ ಇಲ್ಲಿಯ ಬಡವರ ಪಾಡು ಕೇಳುವಂತಿರಲಿಲ್ಲ. ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಹಾಸಿಗೆಯನ್ನೂ ಗಂಟೆಯ ಲೆಕ್ಕದಲ್ಲಿ ಹೊರಗಿನವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಕ್ಷಯಕ್ಕೆ 'ವಿಯೆನ್ನಾ ಕಾಯಿಲೆ' ಅಂತಲೇ ಹೆಸರು ಬಿದ್ದಿತ್ತು. 1923ರಲ್ಲಿ ನಗರಸಭೆ ಮನೆ ಕಟ್ಟುವುದಕ್ಕೆಂದೇ ಒಂದು ತೆರಿಗೆ ಹಾಕಿತು. ದೊಡ್ಡ ಮನೆಯವರಿಗೆ ಭಾರಿ ತೆರಿಗೆ, ಸಣ್ಣ ಮನೆಯವರಿಗೆ ಹೆಸರಿಗಷ್ಟು. 1934ರ ಹೊತ್ತಿಗೆ 60 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಹೈಲಿಗೆನ್‌ಸ್ಟಾಟ್ ಸ್ಟೇಷನ್ನಿನ ಎದುರಿಗಿರುವ ಕಾರ್ಲ್ ಮಾರ್ಕ್ಸ್ ಹೋಫ್ ಅಂಥ ಮನೆಗಳ ಒಂದು ಸಮುಚ್ಚಯ. ಉದ್ದ ಒಂದು ಕಿಲೋಮೀಟರಿಗೂ ಜಾಸ್ತಿ. ಕಟ್ಟಿದಾಗ 1,382 ಮನೆ, ಜೊತೆಗೆ ಶಿಶುವಿಹಾರ, ಬಟ್ಟೆ ಒಗೆಯುವ ಕೋಣೆಗಳು, ಗ್ರಂಥಾಲಯ, ಹಲ್ಲಿನ ಆಸ್ಪತ್ರೆ. ಜಾಗದ ಬಹುಪಾಲು ಅಂಗಳಕ್ಕೇ ಬಿಟ್ಟಿದ್ದಾರೆ. ಈ ಕಾಲದ ಕಟ್ಟಡಗಳ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತಾರೆ: ವಿಯೆನ್ನಾ ನಗರಸಭೆ ಇಂಥ ವರ್ಷ ಮನೆ ತೆರಿಗೆಯ ಹಣದಿಂದ ಕಟ್ಟಿಸಿದ್ದು. ಮಂತ್ರಿಯ ಫೋಟೋ ಇಲ್ಲ, ಅದು ನನಗೆ ಇಷ್ಟ.

ಇವತ್ತು ನಗರಸಭೆಯ ಕೈಯಲ್ಲಿ ಸುಮಾರು 2 ಲಕ್ಷ 20 ಸಾವಿರ ಮನೆಗಳಿವೆ. ಸರ್ಕಾರದ ನೆರವಿನಲ್ಲಿ ಕಟ್ಟಿದ ಸಹಕಾರಿ ಮನೆಗಳೂ ಸೇರಿದರೆ ಊರಿನ ಅರ್ಧದಷ್ಟು ಜನ ಇಂಥ ಮನೆಗಳಲ್ಲೇ ಇದ್ದಾರೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ನಗರಸಭೆಯ ಮನೆಯಲ್ಲಿದ್ದಾರೆ. ಬಾಡಿಗೆ ಒಪ್ಪಂದಕ್ಕೆ ಗಡುವೇ ಇಲ್ಲ. ನನ್ನದು ಖಾಸಗಿ ಮನೆ, ಮೂರು ವರ್ಷದ ಒಪ್ಪಂದ. ಇಬ್ಬರದೂ ಅದೇ ಟ್ರಾಮ್, ಅದೇ ಆಫೀಸು, ಹೆಚ್ಚುಕಡಿಮೆ ಅದೇ ಸಂಬಳ. ಆದರೆ ಗಡುವು ಹತ್ತಿರವಾದ ವರ್ಷ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಬಾಡಿಗೆ ಮನೆಗಳ ಜಾಹೀರಾತು ನೋಡುತ್ತಿದ್ದವನು ನಾನು. ಅವರು ಹಾಯಾಗಿ ಸ್ಟ್ರಾಬೆರಿ ಗಿಡಕ್ಕೆ ಕುಂಡ ಹುಡುಕುತ್ತಿದ್ದರು. ನಾನು ಹುಟ್ಟಾ ಆತಂಕದವನು, ಅವರು ಹುಟ್ಟಾ ಶಾಂತ ಅಂತ ಹೇಳಿದರೆ ನಾನಂತೂ ಒಪ್ಪಲ್ಲ. ಆ ಶಾಂತಿ ಒಪ್ಪಂದದ ಕಾಗದದಲ್ಲಿತ್ತು.

ಬೆಂಗಳೂರಿನ ಹನ್ನೊಂದು ತಿಂಗಳ ಅಗ್ರಿಮೆಂಟನ್ನು ಈಗ ನೆನೆಸಿಕೊಳ್ಳಿ. ಕೈಯಲ್ಲಿರುವ ದುಡ್ಡೆಲ್ಲ ಅಡ್ವಾನ್ಸಿಗೆ ಹೋಗುತ್ತದೆ. ಮದುವೆ ಆಗಿದೆಯಾ, ಮಾಂಸ ತಿಂತೀರಾ ಅನ್ನುವ ಪ್ರಶ್ನೆಗಳು ಬೇರೆ. ಮಕ್ಕಳ ಸ್ಕೂಲಿನ ಪಕ್ಕ ಮನೆ ಹಿಡಿದು ನೆಲೆಯಾಗುವಷ್ಟರಲ್ಲಿ, "ಮಗ ಫಾರಿನ್‌ನಿಂದ ಬರ್ತಿದಾನೆ, ಮನೆ ಖಾಲಿ ಮಾಡಿ" ಅನ್ನುತ್ತಾರೆ ಓನರು. ಅವರ ಮಗ ಇಲ್ಲೇ ಎಲ್ಲೋ ನನ್ನ ಹಾಗೆ ಮನೆ ಹುಡುಕುತ್ತಿರುತ್ತಾನೆ, ಅದು ಬೇರೆ ಮಾತು.

ನೀರಿನ ವಿಷಯದಲ್ಲಿ ಮಾತ್ರ ಎರಡು ಊರುಗಳನ್ನು ಹೋಲಿಸುವುದು ನ್ಯಾಯವಲ್ಲ. ವಿಯೆನ್ನಾಗೆ 1873ರಿಂದ ಆಲ್ಪ್ಸ್ ಬೆಟ್ಟದ ಒರತೆ ನೀರು ಪಂಪೇ ಇಲ್ಲದೆ ತಾನಾಗಿ ಇಳಿದು ಬರುತ್ತದೆ. ಬೆಂಗಳೂರು ಕೂತಿರುವುದೇ ಎತ್ತರದಲ್ಲಿ. ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆತ್ತಿ ತರಬೇಕು. ಆದರೆ ಕೆರೆಗಳನ್ನು ಮುಚ್ಚಿದ್ದು ಭೂಗೋಳವಲ್ಲ, ನಾವು. 2024ರ ಬೇಸಿಗೆಯಲ್ಲಿ ಅಕ್ಕ ಫೋನಿನಲ್ಲಿ ಮಾತಾಡುತ್ತಲೇ "ತಾಳು, ಟ್ಯಾಂಕರ್ ಬಂತು" ಅಂತ ಓಡುತ್ತಿದ್ದಳು. ಅವಳಿಗೆ ಧ್ಯಾನ ಮಾಡು ಅಂತ ಹೇಳುವ ಧೈರ್ಯ ಯಾರಿಗಿತ್ತು?

ವಿಯೆನ್ನಾ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಅರ್ಧಕ್ಕೆ ಹತ್ತಿರ ಮನೆಗಳಲ್ಲಿ ಇರುವುದು ಒಬ್ಬೊಬ್ಬರೇ. ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ನವೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ. ಜ್ವರ ಬಂದರೆ ಪಕ್ಕದ ಮನೆಯಿಂದ ಗಂಜಿ ಬರುವುದಿಲ್ಲ. 2025ರ ವಿಶ್ವ ಸಂತೋಷ ವರದಿ, ಯಾರ ಜೊತೆ ಕೂತು ಉಣ್ಣುತ್ತೀರಿ ಅನ್ನುವುದಕ್ಕೂ ಸಂತೋಷಕ್ಕೂ ಗಟ್ಟಿ ಸಂಬಂಧವಿದೆ ಅಂತ ಹೇಳಿದೆ. ಅದೇ ವರ್ಷ ಮೆಕ್ಸಿಕೋ ಮತ್ತು ಕೋಸ್ಟರಿಕಾ ಮೊದಲ ಹತ್ತರೊಳಗೆ ಬಂದವು. ಎರಡೂ ಸಿರಿವಂತ ದೇಶಗಳೇನಲ್ಲ. ಭಾರತ 118ನೇ ಸ್ಥಾನದಲ್ಲಿತ್ತು. ಒಟ್ಟಿಗೆ ಕೂತು ಉಣ್ಣುವವರು ನಮ್ಮಲ್ಲಿ ಕಡಿಮೆಯೇ? ಹಾಗಾಗಿ, "ಅಲ್ಲಿ ಸೌಕರ್ಯ, ಇಲ್ಲಿ ಸಂಬಂಧ" ಅಂತ ಲೆಕ್ಕ ಸರಿದೂಗಿಸಿ ಸಮಾಧಾನ ಮಾಡಿಕೊಳ್ಳುವ ಮಾತು ನನಗೆ ರುಚಿಸುವುದಿಲ್ಲ. ಎರಡು ಗಂಟೆ ಬಸ್ಸಿನಲ್ಲಿ ನಿಂತು ಬಂದವರಿಗೆ ಸಂಬಂಧ ನೋಡಿಕೊಳ್ಳಲು ಪುರುಸೊತ್ತಾದರೂ ಎಲ್ಲಿದೆ?

ನಮ್ಮಲ್ಲೂ ಆಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. ಯೋಜನೆಯ ಖರ್ಚಿನ ಬಗ್ಗೆ ಜಗಳ ಆಡಬಹುದು, ಆಡಲೂಬೇಕು. ಆದರೆ ನಮ್ಮ ಚಿಕ್ಕಮ್ಮ ಈಗ ತವರಿಗೆ ಹೋಗಲು ಯಾರನ್ನೂ ದುಡ್ಡು ಕೇಳುವುದಿಲ್ಲ. "ಸುಮ್ನೆ ಹೋಗಿ ಬಂದೆ" ಅಂತಾಳೆ. ಆ 'ಸುಮ್ನೆ'ಯ ಹಿಂದಿನ ಹಗುರ ಯಾವ ಯೋಗ ಶಿಬಿರದಲ್ಲಿ ಸಿಗುತ್ತದೆ?

ಇಲ್ಲಿಯವರ ಗೊಣಗಾಟದ ಗುಟ್ಟೂ ಇಷ್ಟರಲ್ಲೇ ಇದೆ ಅಂತ ನನ್ನ ಅಂದಾಜು. ಅವರ ಗೊಣಗಾಟ ಮುಟ್ಟಲು ಒಂದು ವಿಳಾಸವಿದೆ. ಲಿಫ್ಟ್ ಕೆಟ್ಟರೆ ಮನೆ ಮಾಲೀಕ ನಗರಸಭೆಯೇ, ಟ್ರಾಮ್ ತಡವಾದರೆ ಅದೂ ನಗರಸಭೆಯ ಕಂಪನಿಯದೇ. 2012ರಲ್ಲಿ ವರ್ಷದ ಪಾಸನ್ನು 365 ಯೂರೋಗೆ ಇಳಿಸಿದ್ದೂ ನಗರಸಭೆಯೇ, ಆಮೇಲೆ ಏರಿಸಿ ಬೈಸಿಕೊಂಡದ್ದೂ ಅದೇ. ಮುಂದಿನ ಚುನಾವಣೆಯಲ್ಲಿ ನಗರಸಭೆಯವರು ಈ ಗೊಣಗುವವರಿಗೆ ಲೆಕ್ಕ ಕೊಡಬೇಕು. ಬೆಂಗಳೂರಿನಲ್ಲಿ ಪಾಲಿಕೆಯ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮನೆ ಮುಂದಿನ ಗುಂಡಿಯ ಬಗ್ಗೆ ಅಕ್ಕ ಗೊಣಗಬೇಕಾದದ್ದು ಕಾರ್ಪೊರೇಟರ್ ಹತ್ತಿರ. ಅವರಿಲ್ಲದೆ ಎಲ್ಲ ಭಾವನ ತಲೆಗೆ ಬಂತು.